‘ಜಪ್ತಿ ಮಾಡಲಾಗುವುದು’: ಯಾರು ಮಾಡುವವರು?

ಬಳಗದ ಎಲ್ಲರಿಗೂ ನಮಸ್ಕಾರ. ‘ಜಪ್ತಿ’ ಎಂಬ ಪದದ ಬಳಕೆಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಸಂಘದ ಸಾಲ ತೆಗೆದುಕೊಂಡು ಕಂತು ಕಟ್ಟಲಾಗದೆ ಕಂಗಾಲಾಗಿರುವ ಹೆಣ್ಣುಮಕ್ಕಳಿಗಾಗಿ ಎರಡು ಪುಟದ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಈ ಒಂದು ಪದದ ಬಳಿ ಬರವಣಿಗೆ ನಿಂತಿದೆ.

ಪದದ ಮೂಲದ ಬಗ್ಗೆ ಗೊಂದಲವಿಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ ಆಡಳಿತದ ಭಾಷೆಯೊಡನೆ ನಮ್ಮಲ್ಲಿಗೆ ಬಂದದ್ದು. ವಸೂಲಿ, ಜಾಮೀನು, ತಗಾದೆಗಳ ಬಳಗದ್ದೇ. ಜಪ್ತು, ಜಪ್ತಿ, ಜಫ್ತಿ ಎಂದು ಮೂರು ಬಗೆಯಾಗಿ ಬರೆಯುವುದನ್ನೂ ಕಂಡಿದ್ದೇನೆ. ನನ್ನ ತೊಡಕು ಅರ್ಥದ್ದು. ಅಪಘಾತದ ಪರಿಹಾರ ಕೊಡದ ಸಾರಿಗೆ ಸಂಸ್ಥೆಯ ಬಸ್ಸನ್ನು ಕೋರ್ಟ್ ಅಮೀನರು (ಕೋರ್ಟಿನ ಆದೇಶ ಜಾರಿ ಮಾಡುವ ನೌಕರರು) ಹಿಡಿದು ನಿಲ್ಲಿಸಿದರೆ ಪತ್ರಿಕೆ ‘ಬಸ್ ಜಪ್ತಿ’ ಎನ್ನುತ್ತದೆ. ಚುನಾವಣೆಯ ಹೊತ್ತಿನಲ್ಲಿ ದಾಖಲೆಯಿಲ್ಲದ ಹಣ ಸಿಕ್ಕರೆ ಅದೂ ಜಪ್ತಿ. ಎರಡರಲ್ಲೂ ಕಾನೂನು ಕೊಟ್ಟ ಅಧಿಕಾರ ಇದೆ. ಆದರೆ ಫೈನಾನ್ಸ್ ಕಂಪನಿಯ ಹುಡುಗರು ಅಂಗಳದಲ್ಲಿ ನಿಂತ ಬೈಕನ್ನು ತಳ್ಳಿಕೊಂಡು ಹೋದರೆ ಅದನ್ನೂ ಊರಿನವರು ಜಪ್ತಿ ಎಂದೇ ಹೇಳುತ್ತಾರೆ. ಅಲ್ಲಿ ಅಮೀನರಿಲ್ಲ, ಡಿಕ್ರಿ ಎಂಬ ಕೋರ್ಟಿನ ತೀರ್ಪಿಲ್ಲ. ಪದದ ಜೊತೆ ಅಂಟಿಕೊಂಡ ಸರ್ಕಾರಿ ಗತ್ತು ಮಾತ್ರ ಇದೆ, ಜನ ಅದಕ್ಕೇ ಹೆದರುತ್ತಾರೆ.

ಒಬ್ಬ ತಾಯಿ ತಂದು ತೋರಿಸಿದ ಕಾಗದವೊಂದು ನನ್ನ ಮುಂದಿದೆ. ಮೇಲ್ಗಡೆ ದಪ್ಪಕ್ಷರದಲ್ಲಿ ‘ಜಪ್ತಿ ಪೂರ್ವ ಸೂಚನೆ’ ಎಂದಿದೆ. ಕೆಳಗೆ: ‘ತಾವು ಸುಸ್ತಿದಾರರಾಗಿದ್ದು, ಏಳು ದಿನಗಳೊಳಗೆ ಬಾಕಿ ಪಾವತಿಸದಿದ್ದಲ್ಲಿ ತಮ್ಮ ಚರಸ್ವತ್ತನ್ನು ಜಪ್ತಿ ಮಾಡಲಾಗುವುದು.’ ನ್ಯಾಯಾಲಯದ ಹೆಸರಿಲ್ಲ, ದಾವೆಯ ಸಂಖ್ಯೆಯಿಲ್ಲ, ಮೊಹರಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಆ ‘ಲಾಗುವುದು’. ಕರ್ತೃವೇ ಇಲ್ಲದ ಈ ವಾಕ್ಯವನ್ನು ನಾವು ಸರ್ಕಾರಿ ಆದೇಶಗಳಲ್ಲಿ ಓದಿ ಓದಿ ಒಗ್ಗಿಹೋಗಿದ್ದೇವೆ. ಯಾರು ಜಪ್ತಿ ಮಾಡುತ್ತಾರೆ ಎಂದು ಕೇಳಬೇಕೆಂದೂ ಆ ತಾಯಿಗೆ ತೋಚಿರಲಿಲ್ಲ. ‘ನಾವು ಬಂದು ನಿಮ್ಮ ಪಾತ್ರೆ ಪಗಡ ಎತ್ತಿಕೊಂಡು ಹೋಗುತ್ತೇವೆ’ ಎಂದು ಬರೆದಿದ್ದರೆ ಅದು ಬೆದರಿಕೆಯೆಂದು ಯಾರಿಗಾದರೂ ತಕ್ಷಣ ಗೊತ್ತಾಗುತ್ತಿತ್ತು.

ಇನ್ನು ನಿಜವಾದ ಜಪ್ತಿಗೂ ಮಿತಿಗಳಿವೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ನ್ಯಾಯಾಲಯ ಡಿಕ್ರಿ ಕೊಟ್ಟ ಮೇಲೂ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣು ತೆಗೆದಿಡುವಂತಿಲ್ಲದ ಒಡವೆ, ಕುಶಲಕರ್ಮಿಯ ಸಲಕರಣೆ, ರೈತನ ಉಳುಮೆಯ ಸಾಮಾನು, ಇವನ್ನೆಲ್ಲ ಮುಟ್ಟುವಂತಿಲ್ಲ. ಅಂದರೆ ಅಮೀನರೂ ತೆಗೆದುಕೊಂಡು ಹೋಗಲಾಗದ ತಾಳಿಯನ್ನು ‘ಬಿಚ್ಚಿಕೊಡಿ’ ಎನ್ನುವ ಧೈರ್ಯ ಕಂತಿನ ಏಜೆಂಟನಿಗೆ ಎಲ್ಲಿಂದ ಬಂತು? ಮನೆ ಅಡವಿಟ್ಟ ಸಾಲದ ದಾರಿ ಬೇರೆ. ಅಲ್ಲಿ 2002ರ ಸರ್ಫೇಸಿ (ಅಡವಿಟ್ಟ ಸ್ವತ್ತಿನಿಂದ ಬಾಕಿ ವಸೂಲಿ ಮಾಡುವ) ಕಾಯ್ದೆಯಡಿ ಬ್ಯಾಂಕು ನ್ಯಾಯಾಲಯದ ತೀರ್ಪಿಲ್ಲದೆಯೂ ಸ್ವತ್ತನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಆದರೆ 60 ದಿನಗಳ ನೋಟಿಸ್ ಕೊಡಲೇಬೇಕು. ಕೃಷಿ ಜಮೀನಿಗೆ ಆ ಕಾಯ್ದೆ ತಗಲುವುದಿಲ್ಲ. ಆ ಕಾಯ್ದೆಯ ವಿಷಯದಲ್ಲಿ ‘ಸ್ವಾಧೀನ’ ಎಂಬ ಪದವನ್ನೇ ಇಟ್ಟುಕೊಂಡಿದ್ದೇನೆ.

ಸಂಘದ ಮೂಲಕ ಸಿಗುವ ಕಿರುಸಾಲಕ್ಕಂತೂ (ಮೈಕ್ರೋಫೈನಾನ್ಸ್) ಅಡಮಾನವೇ ಇಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 14ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಷ್ಟರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ, ಹೆಸರನ್ನು ಊರಿಗೆಲ್ಲ ಸಾರುವಂತಿಲ್ಲ. ಕಟ್ಟದಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ ದಾರಿ ತಪ್ಪಿಸುವ ಮಾತು ಹೇಳುವುದೂ ಆ ನಿಷೇಧದಲ್ಲಿ ಸೇರಿದೆ. ನನ್ನ ಮಟ್ಟಿಗೆ ಆ ‘ಜಪ್ತಿ ಪೂರ್ವ ಸೂಚನೆ’ ಈ ಕೊನೆಯ ತಪ್ಪಿನ ಅಚ್ಚುಕಟ್ಟಾದ ಉದಾಹರಣೆ. ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿತು. ಕಂಪನಿಗೆ ಬರೆದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಬಹುದು. ಮನೆಗೆ ನುಗ್ಗಿದರೆ, ಕೈಮಾಡಿದರೆ ಮೂವತ್ತು ದಿನ ಕಾಯುವ ಮಾತೇ ಇಲ್ಲ, ನೇರ ಪೊಲೀಸ್ ಠಾಣೆ.

ಸಾಲ ಕಟ್ಟಬೇಡಿ ಎಂದು ಕರಪತ್ರ ಎಲ್ಲಿಯೂ ಹೇಳುವುದಿಲ್ಲ. ತೆಗೆದುಕೊಂಡ ಸಾಲ ತೀರಿಸಬೇಕಾದದ್ದೇ. ಕೊಟ್ಟವರು ಕೇಳುವ ರೀತಿಗೊಂದು ಕಟ್ಟುಪಾಡಿದೆ ಎಂಬುದಷ್ಟೇ ಅದರ ಮಾತು.

ಈಗ ನನ್ನ ಕೋರಿಕೆ. ‘ಜಪ್ತಿ’ಯನ್ನು ಅಮೀನರು, ಪೊಲೀಸರು ಮೊದಲಾಗಿ ಕಾನೂನಿನ ಅಧಿಕಾರವುಳ್ಳವರಿಗೆ ಮಾತ್ರ ಮೀಸಲಿಟ್ಟು, ಏಜೆಂಟರು ಮಾಡುವುದಕ್ಕೆ ‘ಕಸಿದುಕೊಳ್ಳುವುದು’ ಎಂದು ಬರೆಯಬೇಕೆಂದಿದ್ದೇನೆ. ‘ಮುಟ್ಟುಗೋಲು’ ಹೊಂದುವುದಿಲ್ಲ, ಅದರಲ್ಲೂ ಅದೇ ಸರ್ಕಾರಿ ಗತ್ತಿದೆ. ‘ಸೀಜ್ ಮಾಡಿದರು’ ಎಂಬುದು ಎಲ್ಲರ ಬಾಯಲ್ಲಿದೆ, ಆದರೆ ಅದು ಪೊಲೀಸರಿಗೂ ಏಜೆಂಟರಿಗೂ ಒಂದೇ. ‘ಎಳೆದುಕೊಂಡು ಹೋದರು’ ಎಂಬುದು ವಾಹನಕ್ಕೆ ಸರಿ, ಪಡಿತರ ಚೀಟಿಗೆ ಸರಿಹೋಗದು. ನಿಮ್ಮ ಕಡೆ ಬೇರೆ ಮಾತಿದ್ದರೆ, ಬೀದರ್, ಕಲಬುರಗಿ ಕಡೆಯವರು ವಿಶೇಷವಾಗಿ, ದಯವಿಟ್ಟು ತಿಳಿಸಿ.

ಇನ್ನೊಂದು ಸಣ್ಣ ಸಂದೇಹವೂ ಇದೆ. ‘ಸಾಲಗಾರ’ ಎಂದರೆ ಸಾಲ ಪಡೆದವನೂ ಹೌದು. ‘ಸಾಲಗಾರರ ಕಾಟ’ ಎಂದಾಗ ಕೊಟ್ಟವನೂ ಹೌದು. ‘ಸಾಲಗಾರರ ಹಕ್ಕುಗಳು’ ಎಂಬ ತಲೆಬರಹ ಓದಿದವರು ಅದನ್ನು ಕಂಪನಿಯ ಹಕ್ಕುಗಳೆಂದು ತಿಳಿದುಕೊಂಡಾರೇ? ಸದ್ಯಕ್ಕೆ ‘ಸಾಲ ಪಡೆದವರ ಹಕ್ಕುಗಳು’ ಎಂದು ಬಿಡಿಸಿ ಬರೆದಿದ್ದೇನೆ. ‘ಸುಸ್ತಿದಾರ’ ಪದವನ್ನು ಕೈಬಿಟ್ಟಿದ್ದೇನೆ, ‘ಕಂತು ಬಾಕಿ ಇರುವವರು’ ಎಂದಿದ್ದೇನೆ. ವಾರಕ್ಕೆ ಆರು ದಿನ ಕೂಲಿಗೆ ಹೋಗುವ ಹೆಂಗಸನ್ನು ಸುಸ್ತಿಯವಳೆಂದು ಕರೆಯಲು ನನ್ನ ಕೈ ಬರುವುದಿಲ್ಲ. ಅಚ್ಚಿಗೆ ಕೊಡುವ ಮೊದಲು ನಿಮ್ಮ ಉತ್ತರಗಳಿಗಾಗಿ ಕಾಯುತ್ತೇನೆ.