ಹೊಸ ಸಂಗೀತ ನಾಟಕ: ಹಾಡು ಎಷ್ಟಿರಬೇಕು, ಶ್ರುತಿ ಯಾವುದು?

ಪ್ರಶ್ನೆ (ದಾವಣಗೆರೆ): ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಇನ್ನೊಬ್ಬರದು, ಇಬ್ಬರೂ ಹೊಸಬರು. 2 ಗಂಟೆ ನಾಟಕಕ್ಕೆ 14 ಹಾಡು. ಕಥೆ ಮುಂದಕ್ಕೇ ಹೋಗ್ತಿಲ್ಲ. ಯುಗಳಗೀತೆಯಲ್ಲಿ ನಾಯಕಿ ದನಿ ಕೇಳಿಸ್ತಿಲ್ಲ.

ಉತ್ತರ: ಹಾಡು ಬಿಟ್ಟು ದೃಶ್ಯ ಓದಿ ನೋಡಿ. ಕಥೆಗೆ ಏನೂ ಕೊರತೆ ಆಗದಿದ್ದರೆ ಆ ಹಾಡು ತೆಗೀರಿ, ಎಷ್ಟೇ ಇಂಪಾಗಿರಲಿ. ಗಂಡಸರ ‘ಕಪ್ಪು ಒಂದು’ ಶ್ರುತಿಯಲ್ಲೇ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡಿಸಿದರೆ ಹೆಣ್ಣುದನಿ ಮಂದ್ರಕ್ಕೆ, ಅಂದ್ರೆ ಕೆಳಸ್ಥಾಯಿಗೆ, ಇಳಿದು ಹೂತುಹೋಗುತ್ತೆ. ನಾಯಕಿಯ ಚರಣಕ್ಕೆ ಆ ಶ್ರುತಿಯ ಮಧ್ಯಮವನ್ನೇ (ಮ) ಷಡ್ಜ (ಸ, ಆಧಾರ ಸ್ವರ) ಮಾಡ್ಕೊಳ್ಳಿ. ಅದಕ್ಕೂ ಮೊದಲು ಹೊಸ ಶ್ರುತಿ ಕೊಡೋಕೆ ಹಾರ್ಮೋನಿಯಂಗೆ ಒಂದು ಆವರ್ತ (ತಾಳದ ಒಂದು ಸುತ್ತು) ಖಾಲಿ ಬಿಡಿ, ಇಲ್ಲದಿದ್ದರೆ ಹಾಡು ಎತ್ತುವಾಗಲೇ ಅಪಸ್ವರ.

ಇನ್ನೊಬ್ಬರು (ಚಿತ್ರದುರ್ಗ): ಸಾಹಿತ್ಯವನ್ನೂ ನೋಡಿ. ದ್ರುತ (ವೇಗದ) ಲಯಕ್ಕೆ ‘ನಿಷ್ಕರ್ಷೆ’ಯಂಥ ಒತ್ತಕ್ಷರ ಹಾಕಿದರೆ ನಾಲಿಗೆ ತೊಡರುತ್ತೆ. ಎಳೆಯುವ ಸ್ವರಕ್ಕೆ ‘ಬಾರೋ’ ತರಹದ ದೀರ್ಘ ಇರಲಿ.

ಪ್ರಶ್ನೆ ಕೇಳಿದವರು: ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಾದರೆ?

ಉತ್ತರ: ಮೊದಲು ತಬಲಾ ಮೈಕಿನ ಸದ್ದು ಇಳಿಸಿ. ಮಾತು ಮುಳುಗೋದು ಅಲ್ಲೇ.