‘ಹೊಮೊಊಸಿಯೋಸ್’: ‘ಸಮಸತ್ತ್ವ’ ಎನ್ನಬಹುದೇ?

ಕ್ರೈಸ್ತ ಮತದ ಮೊದಲ ಶತಮಾನಗಳನ್ನು ಕುರಿತ ಬರಹವೊಂದರ ಕರಡು ತಿದ್ದುವಾಗ ‘ಆರ್ಯ ಪಾಷಂಡವಾದ’ ಎಂಬ ಪ್ರಯೋಗ ಎದುರಾಯಿತು. ಬರೆದವರ ಮನಸ್ಸಿನಲ್ಲಿದ್ದದ್ದು ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್. ಓದುವವರಿಗೆ ನೆನಪಾಗುವುದು ಆರ್ಯ–ದ್ರಾವಿಡ ಜಗಳ. ಅದನ್ನು ‘ಏರಿಯಸನ ವಾದ’ ಎಂದು ತಿದ್ದಿದೆ. ಆದರೆ ಅದೇ ಪುಟದಲ್ಲಿ ‘ಹೊಮೊಊಸಿಯೋಸ್’ ಎಂಬ ಗ್ರೀಕ್ ಪದಕ್ಕೆ ‘ಸಮಸತ್ತ್ವ’ ಎಂದಿತ್ತು. ಅದನ್ನು ಉಳಿಸುವುದೋ ಅಳಿಸುವುದೋ ಇನ್ನೂ ತೀರ್ಮಾನವಾಗಿಲ್ಲ.

ಮಗನಾದ ಕ್ರಿಸ್ತನು ಸೃಷ್ಟಿಯಲ್ಲೆಲ್ಲ ಶ್ರೇಷ್ಠನಾದರೂ ತಂದೆಯಾದ ದೇವರಿಂದ ಉಂಟುಮಾಡಲ್ಪಟ್ಟವನೇ, ಆದ್ದರಿಂದ ತಂದೆಯಂತೆ ಅನಾದಿಯಲ್ಲ ಎಂಬುದು ಏರಿಯಸನ ವಾದ. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ ಕರೆದ ಬಿಷಪರ ಸಭೆ ಇದನ್ನು ತಳ್ಳಿಹಾಕಿ, ಮಗನು ತಂದೆಯೊಡನೆ ‘ಹೊಮೊಊಸಿಯೋಸ್’ ಎಂದು ಸಾರಿತು. ‘ಹೊಮೊಸ್’ ಎಂದರೆ ಅದೇ, ‘ಊಸಿಯಾ’ ಎಂದರೆ ಇರವು. ಈ ಪದ ಬೈಬಲಿನಲ್ಲಿಲ್ಲವೆಂಬ ಗೊಣಗಾಟ ಆಗಲೂ ಇತ್ತು. 358ರ ಹೊತ್ತಿಗೆ ಅಂಕಿರಾದ ಬಿಷಪ್ ಬೇಸಿಲನ ಕಡೆಯವರು ‘ಹೊಮೊಇಊಸಿಯೋಸ್’ ಎನ್ನುವುದೇ ಮೇಲೆಂದರು; ‘ಹೊಮೊಇಯೋಸ್’ ಎಂದರೆ ಹೋಲುವಂಥದ್ದು. ಎರಡು ಪದಗಳಿಗೂ ಇರುವ ಅಂತರ ‘ಇಯೋಟ’ ಎಂಬ ಒಂದೇ ಅಕ್ಷರ.

‘ಸಮ’ ಈ ಅಂತರವನ್ನು ನುಂಗಿಬಿಡುತ್ತದೆ. ಸಮಕಾಲೀನರು ಬದುಕಿದ್ದು ಒಂದೇ ಕಾಲದಲ್ಲಿ. ಸಮಬಾಹು ತ್ರಿಭುಜದ ಬಾಹುಗಳಾದರೋ ಅಳತೆಯಲ್ಲಿ ಸರಿಸಮ, ಎಣಿಕೆಯಲ್ಲಿ ಮೂರು. ಎರಡು ಪಕ್ಷದವರೂ ‘ಸಮಸತ್ತ್ವ’ಕ್ಕೆ ರುಜು ಹಾಕಿ ನೆಮ್ಮದಿಯಾಗಿ ಊರಿಗೆ ಹೋಗಬಹುದಿತ್ತು. ಹಾಗೆಂದು ‘ಒಂದೇ’ ಎಂದರೂ ತೊಡಕು ತಪ್ಪುವುದಿಲ್ಲ: “ಅಕ್ಕತಂಗಿಯರಿಬ್ಬರೂ ಒಂದೇ ಸೀರೆ ಉಟ್ಟಿದ್ದರು” ಎಂದಾಗ ಸೀರೆ ಎರಡಿದ್ದವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉತ್ತರಪದದ ಗೋಳು ಬೇರೆ. ‘ಸ್ವಭಾವ’ವನ್ನು ಇಲ್ಲಿಯೇ ಖರ್ಚು ಮಾಡಿದರೆ, ಕ್ರಿಸ್ತನಲ್ಲಿ ಎರಡು ಸ್ವಭಾವಗಳುಂಟೆಂದ 451ರ ಕಾಲ್ಸಿಡನ್ ಸಭೆಗೆ ಪದ ಉಳಿಯುವುದಿಲ್ಲ. ‘ದ್ರವ್ಯ’ ತೀರ ಜಡ. ‘ಊಸಿಯಾ’ ಹುಟ್ಟಿದ್ದು ಗ್ರೀಕಿನ ‘ಇರು’ ಧಾತುವಿನಿಂದಾದ್ದರಿಂದ ವೇದಾಂತದ ‘ಸತ್ತೆ’ಯೇ ಅದಕ್ಕೆ ಹತ್ತಿರದ ಪದ, ಆದರೆ ಕನ್ನಡದ ಕಿವಿಗೆ ‘ಸತ್ತೆ’ ಎಂದರೆ ಸತ್ತದ್ದೇ. ಹೀಗಾಗಿ, ರಜಸ್ಸು ತಮಸ್ಸುಗಳ ನೆನಪನ್ನು ಬೆನ್ನಿಗೆ ಕಟ್ಟಿಕೊಂಡೇ ಬರುವ ‘ಸತ್ತ್ವ’ವನ್ನು ಸದ್ಯಕ್ಕೆ ಒಪ್ಪಿದ್ದೇನೆ.

ಏರಿಯಸನ ಪಕ್ಷದ ಘೋಷವಾಕ್ಯಕ್ಕೂ ಇಂಥದೇ ಎಚ್ಚರ ಬೇಕು. ಕರಡಿನಲ್ಲಿ ಅದು “ಮಗನು ಇಲ್ಲದ ಕಾಲವೊಂದಿತ್ತು” ಎಂದಿದೆ. ಗ್ರೀಕ್ ಮೂಲದಲ್ಲಿ ಕಾಲವಾಚಕ ನಾಮಪದವೇ ಇಲ್ಲ, ಕಾಲಕ್ಕಿಂತ ಮೊದಲೇ ಮಗನು ಉಂಟಾದನೆಂದು ಏರಿಯಸನೂ ಒಪ್ಪುತ್ತಿದ್ದ. ನಮ್ಮ ‘ಉಂಟು’ ಇಲ್ಲಿ ಸೊಗಸಾಗಿ ಒದಗುತ್ತದೆ: “ಅವನು ಇಲ್ಲದೆ ಇದ್ದದ್ದುಂಟು.” ‘ಕಾಲ’ದ ಸೋಂಕಿಲ್ಲದೆ ಮಾತು ನಿಲ್ಲುತ್ತದೆ.

ಈಗ ಕರಡಿನಲ್ಲಿ ‘ಏಕಸತ್ತ್ವ’, ‘ಸದೃಶಸತ್ತ್ವ’ ಎಂದು ಎರಡು ಪದಗಳನ್ನು ಇಟ್ಟಿದ್ದೇನೆ. ಒಂದಕ್ಷರದ ಚಮತ್ಕಾರ ಹೋಯಿತು, ಹೋಗಲಿ. ನನ್ನನ್ನು ಕಾಡುವುದು ಮತ್ತೆ ಕಾಲ್ಸಿಡನ್: ಕ್ರಿಸ್ತನು ದೈವತ್ವದಲ್ಲಿ ತಂದೆಯೊಡನೆ, ಮನುಷ್ಯತ್ವದಲ್ಲಿ ನಮ್ಮೊಡನೆ ‘ಹೊಮೊಊಸಿಯೋಸ್’ ಎಂದು ಆ ಸಭೆ ಒಂದೇ ಪದವನ್ನು ಎರಡು ಸಲ ಬಳಸಿದೆ. ತಂದೆಯ ವಿಷಯದಲ್ಲಿ ಒಪ್ಪುವ ‘ಏಕಸತ್ತ್ವ’ ನಮ್ಮ ವಿಷಯಕ್ಕೆ ಬಂದಾಗ ಮನುಷ್ಯರೆಲ್ಲರನ್ನೂ ಕರಗಿಸಿ ಒಂದೇ ಮುದ್ದೆ ಮಾಡಿದಂತೆ ಕೇಳಿಸುತ್ತದೆ. ಅದೇ ಸೀರೆಯ ‘ಒಂದೇ’ಯಂತೆ ಎರಡು ಕಡೆಗೂ ಸಲ್ಲುವ, ‘ಸಮ’ದಷ್ಟು ಸಡಿಲವಲ್ಲದ ಪೂರ್ವಪದವೊಂದಿದ್ದರೆ ಬಲ್ಲವರು ತಿಳಿಸಬೇಕು.