ಸಹಾಯ ಬೇಕು: ಮನೆಯ ಕಾಫಿ ತೋಟದ ಕೆಲಸವನ್ನು ಸಿವಿಯಲ್ಲಿ ಹೇಗೆ ಬರೆಯುವುದು?

ನಮಸ್ಕಾರ. ನಾನು ಗೋಣಿಕೊಪ್ಪದ ಹತ್ತಿರದವಳು. ಬಿ.ಕಾಂ. ಮುಗಿಸಿ 6 ವರ್ಷ ನಮ್ಮದೇ ಕಾಫಿ ತೋಟದ ಲೆಕ್ಕ ನೋಡಿಕೊಂಡೆ. ಕೂಲಿ ಪಟ್ಟಿ, ಗೊಬ್ಬರದ ಬಿಲ್ಲು, ರೊಬಸ್ಟಾ ಕಾಫಿ ಮಾರಿದ್ದು, ಎಲ್ಲಾ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಈಗ ಮಡಿಕೇರಿಯ ಒಂದು ರೆಸಾರ್ಟ್‌ಗೆ ಅಕೌಂಟೆಂಟ್ ಕೆಲಸಕ್ಕೆ ಅರ್ಜಿ ಹಾಕಬೇಕು.

ಹಿಂದೆ ಒಂದು ಕಡೆ 4 ಪುಟದ ಸಿವಿ ಕಳಿಸಿದ್ದೆ. ಅಪ್ಪನ ಹೆಸರು, ಹವ್ಯಾಸ, ಹತ್ತನೇ ಕ್ಲಾಸಿನ ಅಂಕ ಎಲ್ಲಾ ಇತ್ತು, ಕೆಲಸದ ಬಗ್ಗೆ ಮಾತ್ರ ಎರಡೇ ಸಾಲು! ಉತ್ತರವೇ ಬರಲಿಲ್ಲ. ಈ ಸಲ ಒಂದೇ ಪುಟ. ಸುಮ್ನೆ 'ಲೆಕ್ಕ ನೋಡಿದೆ' ಅನ್ನುವ ಬದಲು 'ಕೊಯ್ಲಿನಲ್ಲಿ ವಾರಕ್ಕೆ 40 ಜನರ ಕೂಲಿ ಲೆಕ್ಕ' ಎಂದು ಬರೆದಿದ್ದೇನೆ. ಸರಿ ಅಲ್ವಾ?

ಸಂಬಳ ಚೀಟಿ, ಅನುಭವ ಪತ್ರ ಎರಡೂ ಇಲ್ಲ. ಮನೆ ತೋಟದ ಕೆಲಸವನ್ನು ಅನುಭವ ಅಂತ ಒಪ್ಪುತ್ತಾರಾ? ಹೋಟೆಲ್ ಲೈನಿನಲ್ಲಿರುವವರು ಒಮ್ಮೆ ನೋಡಿಕೊಡಿ.